ಆರನೆಯ ಮನೆ

ಜ್ಞಾನಸ್ನಾನದ ರಿಜಿಸ್ಟರುಗಳ ಹಿಂದೆ ಸಿಕ್ಕಿತು.
ಫ್ರಾನ್ಸಿನ ಯಾರೋ ಪಾದ್ರಿ ಬಿಟ್ಟುಹೋದದ್ದು.
ಜಪದ ಪುಸ್ತಕವೇನಲ್ಲ, ಹಕ್ಕಿಗಳದ್ದು.
ಬೆನ್ನು ಕಳಚಿತ್ತು, ರಟ್ಟು ಎರಡೂ ಬೇರೆ ಬೇರೆ.
ಹಳೇ ಪರದೆಯ ತುಂಡಲ್ಲಿ ಸುತ್ತಿ
ದುರ್ಗಿಗುಡಿಯ ಸಂದಿಗೆ ಒಯ್ದೆ, ಖಲಂದರ್ ಸಾಬರ ಹತ್ತಿರ.

ಅವರು ಕಟ್ಟುವುದು ಕೋರ್ಟಿನ ಕಡತ, ಸೊಸೈಟಿಯ ಲೆಡ್ಜರು,
ಮಾರ್ಚ್ ಬಂತೆಂದರೆ ಬಿ.ಎಡ್. ಹುಡುಗಿಯರ ರೆಕಾರ್ಡು.
ಕೈ ತೊಳೆದರು. ಮತ್ತೊಮ್ಮೆ ತೊಳೆದರು.
ಕನ್ನಡಕ ಹಣೆಗೇರಿಸಿ ಮೊದಲು ಮೂಗಿನಲ್ಲಿ ಓದಿದರು:
"ಆಡಿನ ತೊಗಲು. ಕುರಿಯದಲ್ಲ."

ಒಳಹಾಳೆ ತೆರೆದರೆ ಬಣ್ಣದ ಸುಳಿ,
ಸೇತುವೆ ಕೆಳಗೆ ಲಾರಿ ತೊಳೆದ ದಿನ
ತುಂಗೆಯ ಮೇಲೆ ಹರಡುವ ಎಣ್ಣೆಯ ಹಾಗೆ.
"ನೀರ ಮೇಲೆ ಬಣ್ಣ ಚೆಲ್ಲಿ, ಬಾಚಣಿಗೆಯಲ್ಲಿ ಬಾಚಿ,
ಕಾಗದದಲ್ಲಿ ಎತ್ತಿದ್ದಾರೆ. ಎತ್ತುವಾಗ ಉಸಿರಾಡಬಾರದು"
ಅಂದು, ತಾವು ಹಿಡಿದಿದ್ದ ಉಸಿರು ಬಿಟ್ಟರು.

ಚಿತ್ರದ ಅಂಚಲ್ಲಿ ತಾಮ್ರದ ತಗಡು
ಹಾಳೆಯನ್ನು ಕಚ್ಚಿದ ಗುರುತು. ಮುಟ್ಟು, ಅಂದರು.
ಗೆರೆ ತಗಡಿನದು, ಬಣ್ಣ ಕೈಯದು;
ಪ್ರತಿ ಹಕ್ಕಿಯ ಕಣ್ಣಿಗೂ ಒಂದು ಚುಕ್ಕೆ ಅಂಟು,
ಈಗಷ್ಟೇ ರೆಪ್ಪೆ ಬಡಿದಂತೆ ಕಾಣಲಿ ಎಂದು.
ಮರಕುಟಿಗನ ಎದೆಯಲ್ಲಿ ಹೊಕ್ಕ ಹುಳು
ನಲವತ್ತು ಹಾಳೆ ದಾಟಿ
ಗೂಬೆಯ ಕಾಲ ಬಳಿ ಹೊರಬಿದ್ದಿತ್ತು.
"ಪೂರ್ತಿ ಓದಿದವನು ಇವನೊಬ್ಬನೇ."

ಬೆನ್ನಿಗೆ ಆರು ಮನೆ. ಐದರಲ್ಲಿ ಚಿನ್ನದ ಲಿಲಿ.
ಆರನೆಯದು ಇಲಿಯ ಪಾಲು.

ಹಿತ್ತಾಳೆ ಅಚ್ಚಿಗೆ ಸಾಗರದ ಗುಡಿಗಾರ ಸುಬ್ರಾಯಪ್ಪನಿಗೆ ಹೇಳಿದೆವು.
ಗಂಧದಲ್ಲಾದರೆ ಎರಡು ದಿನ, ಇದಕ್ಕೆ ತಿಂಗಳು ಅಂದ.
ಫೋಟೋ ಕಳಿಸಿದ್ದೆವು. ಆದರೂ ಬಸ್ಸಿನಲ್ಲಿ ಬಂದದ್ದು
ಬೇಲಿಯ ಗೌರಿಹೂ,
ದಳವೆಲ್ಲ ಉರಿಯಂತೆ ಹಿಂದಕ್ಕೆ ಬಾಗಿ.
ಕೇಳಿದ್ದಕ್ಕೆ ಫೋನಿನಲ್ಲಿ:
"ಕಣ್ಣು ಕಾಣದ ಹೂವನ್ನು ಕೈ ಕೊರೆಯೋದಿಲ್ಲ ಮಾರಾಯ್ರೆ."

ಸಾಬರು ತುಂಬ ಹೊತ್ತು ಅಚ್ಚನ್ನೇ ತಿರುಗಿಸಿದರು.
ಆಮೇಲೆ ತೊಗಲಿಗೆ ಮೊಟ್ಟೆಯ ಬಿಳಿ ಸವರಿದರು,
ಚಿನ್ನದ ರೇಕು ಇಟ್ಟರು, ಅಚ್ಚು ಕಾಯಿಸಿದರು.
ಒದ್ದೆ ಬಟ್ಟೆಗೆ ತಾಗಿಸಿದರೆ ಚುಂಯ್.
ಇನ್ನೂ ಬಿಸಿ.
ಮತ್ತೆ. ಚುಂಯ್.
ಮತ್ತೆ. ಸದ್ದಿಲ್ಲ.
ಒತ್ತಿದರು, ಒಂದೇ ಸಲ.
ಎರಡನೇ ಸಲಕ್ಕೆ ಈ ಕೆಲಸದಲ್ಲಿ ಜಾಗವಿಲ್ಲ.

ಮೊಟ್ಟೆಯ ಹಳದಿ ಆಮ್ಲೆಟ್ ಆಗಿ ಒಳಗಿನಿಂದ ಬಂತು.

ಒಂದು ಮಾತು ಬಿಟ್ಟೆ.
ಹಳೇ ಬೆನ್ನು ಬಿಚ್ಚಿದ ದಿನ
ತೊಗಲಿನೊಳಗೆ ಬಿಗಿತಕ್ಕೆಂದು ಅಂಟಿಸಿದ
ಒಂದು ರದ್ದಿ ಚೀಟಿ ಇತ್ತು.
ಕಾನ್ವೆಂಟಿನ ಸಿಸ್ಟರ್ ಓದಿ ನಕ್ಕರು:
ಅಗಸಗಿತ್ತಿಯ ಲೆಕ್ಕ. ಅಂಗಿ ನಾಲ್ಕು, ಕಾಲುಚೀಲ ಮೂರು,
ಒಂದು ಕಳೆದಿದೆ.
ಸಾಬರು ಅದನ್ನು ಇದ್ದಲ್ಲೇ ಅಂಟಿಸಿ
ಮೇಲೆ ತಮ್ಮದೊಂದು ಸೇರಿಸಿದರು,
ಕಿರಾಣಿ ಅಂಗಡಿಯದು, ನೀಲಿ ಪೆನ್ನಿನಲ್ಲಿ, ಕನ್ನಡದಲ್ಲಿ:
ಮೊಟ್ಟೆ ಆರು. ಬಾಕಿ.