ನಡುವ ಒಂದು ಚುಕ್ಕಿ

ಒಂದು ಗಂಟಿದ್ದದ್ದು ಕೆಂಪು. ಮೂರು ಗಂಟಿದ್ದದ್ದು ಹಸರು.
ಸೊಲ್ಲಾಪುರದ ಸಾಖರ ಪೇಠ, ಮಗ್ಗದ ಕೋಲಿ,
ಏಳು ವರ್ಷದಾಕಿ ನಾ ಲಡಿಗೆ ಗಂಟು ಹಾಕಿ ಇಡತಿದ್ದೆ,
ಅಪ್ಪ ಬೆರಳಲೇ ಎಣಿಸಿ ನೇಯತಿದ್ದ.
ಸಾವಕಾರಗ ಗೊತ್ತಿರಲಿಲ್ಲ.
ರಾಚಪ್ಪನ ಕೈಯಾಗ ಬಣ್ಣ ಕುಣೀತಾವ ಅಂತಿದ್ರು ಓಣಿ ಮಂದಿ.
ಕುಣೀತಿದ್ದದ್ದು ನನ್ನ ಗಂಟು.

ಒಂದಽ ಒಂದು ಸಲ ನಾ ಇರಲಿಲ್ಲ.
ಅಂದ್ರ, ಇದ್ದೆ. ಅವ್ವನ ಹೊಟ್ಟ್ಯಾಗ.
ಕುಬಸಕ್ಕಂತ ಅಪ್ಪ ರಾತ್ರಿ ಕೂತು ನೇದ ಹಸರು ಸೀರಿ
ಬೆಳಕಿಗೆ ಹಿಡದ್ರ ಹಂಚಿನ ಬಣ್ಣ.
ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡ್ರಂತ.
ಅವ್ವ ಅದನ್ನ ಉಟ್ಟು, ಹಸರು ಬಳಿ ತೊಟ್ಟು, ಕುಂತಳಂತ.
ಅಪ್ಪಗ ಹೇಳಲಿಲ್ಲ. ಅಂವ ಸಾಯೋ ತನಕ ಹೇಳಲಿಲ್ಲ.
ಗಂಟಿನ ಲೆಕ್ಕ ಸುರು ಆದದ್ದು ಆಮ್ಯಾಲೆ.

ಈಗ ರೇವಣ, ನನ್ನ ಸಣ್ಣಾಂವ,
ರೈಲ್ವೆ ಪರೀಕ್ಷಾ ಪಾಸಾಗಿ, ಇಂಜಿನ್ ಓಡಸ್ತೀನಂತ ಹೊಸಾ ಬೂಟು ತಂದಾಂವ,
ದವಾಖಾನ್ಯಾಗ ಒಂದು ಪುಸ್ತಕದ ಮುಂದ ಸುಮ್ನ ಕುಂತ.
ಪುಟದ ತುಂಬ ಚುಕ್ಕಿ. ಚುಕ್ಕಿಯೊಳಗ ಎಪ್ಪತ್ನಾಕು.
ಬಾಗಲದಾಗ ನಿಂತ ನನಗಽ ಎದ್ದು ಕಾಣತಿತ್ತು.
"ಏನೂ ಇಲ್ಲರಿ ಇದರಾಗ" ಅಂದ ನನ್ನ ಮಗ.

ಡಾಕ್ಟರಬಾಯಿ ಇನ್ನೂ ಚಿಕ್ಕಾಕಿ.
ಮರಾಠಿಯೊಳಗ ಸಮಾಧಾನ ಹೇಳಿ, ಚೀಟಿ ಮ್ಯಾಲ ಬರದಳು:
ಗಂಡಸಂದ್ರ ಚೌಕ, ಹೆಂಗಸಂದ್ರ ಬಳಿ.
ಅಪ್ಪನ ಚೌಕ ತುಂಬ ಕಪ್ಪು. ರೇವಣನ ಚೌಕ ತುಂಬ ಕಪ್ಪು.
ನಡುವಿನ ಬಳಿಯೊಳಗ ಒಂದು ಚುಕ್ಕಿ ಇಟ್ಟು
"ಇದು ನೀವು" ಅಂದಳು.
"ನಿಮಗೇನೂ ಆಗಂಗಿಲ್ಲ. ದಾಟಸ್ತೀರಿ, ಅಷ್ಟ."

ದಾಟಸ್ತೀರಿ.
ಲಾಳಿಗೆ ತನ್ನ ಹೊಟ್ಟ್ಯಾಗಿನ ನೂಲು ಎಂಥಾದ್ದಂತ ಗೊತ್ತಿರತದೇನು?
ದೊಡ್ಡಾಂವ ಬಸಲಿಂಗ ಪಾರಾದ, ಅವಗ ಹೋದದ್ದು ನಮ್ಮವ್ವನ ಕಡೀದು.
ಅದಽ ಹೊಟ್ಟಿ, ಅದಽ ಗಂಜಿ.
ನಾ ಆರಿಸಿ ಕೊಡಲಿಲ್ಲ.

ರಾತ್ರಿ ನಿದ್ದಿ ಬರದ ಎಣಸ್ತೀನಿ, ಮತ್ತೇನೇನು ದಾಟಿತು ಅಂತ.
ಅಪ್ಪನ ಬೆರಳು ಬಂದಾವ ರೇವಣಗ, ಉದ್ದನ್ನವು,
ಹರದ ಎಳಿ ಕತ್ತಲದಾಗ ಹಚ್ಚುವಂಥಾವು.
ಐವತ್ತಾದ್ರೂ ಅಲುಗದ ನನ್ನ ಹಲ್ಲು.
ಬಿಪಿ ಇಲ್ಲದ ರಕ್ತ, ಇಲ್ಲಾ ಇನ್ನೂ ಮಕಾ ತೋರಸದ ಬಿಪಿ.
ಚೀಟಿ ಮ್ಯಾಲ ಇವಕ್ಕ ಜಾಗಾ ಇಲ್ಲ.
ಮಗಳು ನೀಲಗಂಗಾಗ ಈಗ ಏಳು ತಿಂಗಳು,
ಅಕಿ ಬಳಿಯೊಳಗ ಡಾಕ್ಟರು ಬರದದ್ದು
ಬರೇ ಒಂದು ಕೊಕ್ಕಿ, ಕೆಳಗ ಬೊಟ್ಟು. ಪ್ರಶ್ನಿ.

ನಿನ್ನೆ ಅಕಿ ಕುಬಸಕ್ಕಂತ ಟ್ರಂಕು ತಗದೆ.
ಅವ್ವನ ಸೀರಿ. ಮಡಚಿದಲ್ಲೆಲ್ಲಾ ಸೀಳು.
ರೇವಣ ಬಂದು ಬಾಗಲಕ ಆತು ನಿಂತ,
ಮೂರು ದಿನ ಆಗಿತ್ತು ಮಾತಾಡಿ.
"ಯಾರದಬೇ ಈ ಹಸರು ಸೀರಿ? ಛಲೋ ಅದ."

ಹಂಚಿನ ಬಣ್ಣದ ಮ್ಯಾಲ ಇಟ್ಟ ಕೈ ನಾ ತಗೀಲಿಲ್ಲ.
ಇವ ಹುಟ್ಟೂಕಿಂತ ಮೊದಲಽ ಹೋದಾಂವ ಅಪ್ಪ.
ಅಂವ ಏನು ನೇದಿದ್ದನೋ ಅದನ್ನ
ಇವತ್ತಿನ ತನಕ ಯಾರೂ ನೋಡಿರಲಿಲ್ಲ.
"ನಿಮ್ಮ ಮುತ್ತ್ಯಾ ನೇದದ್ದು" ಅಂದೆ.
"ಹೌದಪಾ. ಹಸರು."