ಸೋಪಿನ ಅಚ್ಚು

ಗಾಂಧಿ ಬಜಾರಿನ ತಿರುವಿನಲ್ಲಿ
ಮೂವತ್ತೊಂದು ವರ್ಷ ಕೀಲಿಕೈಗೆ ಅರ ಉಜ್ಜಿದವನು,
ಸೋಪಿನ ಮೇಲೆ ಅಚ್ಚೊತ್ತಿ ತಂದವರನ್ನು
‘ಬೀಗ ತನ್ನಿ, ಇಲ್ಲಾ ಮನೆಯವರನ್ನು ಕರೆತನ್ನಿ’ ಎಂದು
ವಾಪಸು ಕಳಿಸಿದವನು.

ನಿನ್ನೆ ರಾತ್ರಿ ಕಂಪ್ಯೂಟರಿಗೊಂದು ಪತ್ರ:
ಕರೆಂಟ್ ಬಿಲ್ ಬಾಕಿ, ಇಲ್ಲಿ ಒತ್ತಿ.
ಒತ್ತಿದೆ.
ಯಾರ ಮನೆ, ಯಾವ ಬೀಗ,
ಕೇಳಲೇ ಇಲ್ಲ.

ಬೆಳಗ್ಗೆ ಮಗಳು ನೂರ್‌ಜಬೀನ್
ವೈರು ಕಿತ್ತು, ಎಲ್ಲ ಒರೆಸಿ,
ಆಂಟಿವೈರಸ್ ಕೂರಿಸಿದಳು.
ಬಯ್ಯಲಿಲ್ಲ. ಅದೇ ಕಷ್ಟ.
ಅವಳ ಅಮ್ಮನ ಫೋಟೊಗಳು
ಪೆನ್‌ಡ್ರೈವಿನಲ್ಲಿ ಉಳಿದಿದ್ದವು, ಸದ್ಯ.

‘ಹೊಸ ಪಾಸ್‌ವರ್ಡ್ ಹಾಕಿ, ಅಬ್ಬಾ.
ಹೆಸರು ಬೇಡ, ಹುಟ್ಟಿದ ವರ್ಷ ಬೇಡ.’

ದುರ್ಗಿಗುಡಿಯ ಒಂದು ತಿಜೋರಿ ನೆನಪಾಯಿತು,
ಮೂರು ದಿನ ಕೂತರೂ
ನನ್ನ ಕೈಗೆ ಸೋಲದ್ದು.
ಅದರ ಮೈಮೇಲಿನ ಅಂಕಿ ಅಕ್ಷರ
ಈಗಲೂ ಬಾಯಿಪಾಠ.

ಒಂದೊಂದೇ ಒತ್ತುವಾಗ
ಅವಳು ಮುಖ ಆಚೆ ತಿರುಗಿಸಿಕೊಂಡಳು.