ಷರಾ

ಮೇ ತಿಂಗಳಲ್ಲಿ ಹೊಳೆಯೊಳಕ್ಕೆ ನಡೆದೇ ಹೋಗುತ್ತೇನೆ.
ಕಂಪ್ಲಿ ಸೇತುವೆಯ ಆರನೇ ಕಂಬದ ಬುಡದಲ್ಲಿ
ಮೊಣಕಾಲು ಮುಟ್ಟದ ನೀರು,
ಹೆಸರುಬೇಳೆ ನೆನೆಸಿಟ್ಟು ಮರೆತ ಬಣ್ಣ.
ಬಾಟಲಿಯನ್ನು ಮೂರು ಸಲ ಅದೇ ನೀರಿನಲ್ಲಿ ಗಲಬರಿಸಿ
ನಾಲ್ಕನೇ ಸಲ ತುಂಬುತ್ತೇನೆ, ಒಳಗೆ ಗುಳ್ಳೆ ಉಳಿಯದಂತೆ.
ಜ್ವರ ಬಂದ ಮಗುವಿನ ಅಂಗೈಯಷ್ಟು ಬೆಚ್ಚಗಿರುತ್ತದೆ ಗಾಜು.

ಬೆಳಗಿನ ಜಾವ ಮೀನುಗಳು ಮೇಲೆ ಬಂದು
ಬಾಯಿ ತೆರೆಯುತ್ತವೆ, ಮುಚ್ಚುತ್ತವೆ,
ಏನೋ ಹೇಳಲು ಬಂದು ಮರೆತವರಂತೆ.
ಮಗುಚಿದ ಹರಗೋಲಿನ ಮೇಲೆ ಕೂತ ಅಂಬಿಗರ ಯಂಕೋಬ ಅನ್ನುತ್ತಾನೆ:
"ಮಾತಲ್ಲರೀ ಮೇಡಂ, ಉಸಿರು."

ರಿಜಿಸ್ಟರಿನಲ್ಲಿ ಬರೆಯುತ್ತೇನೆ.
ಉಷ್ಣತೆ ಮೂವತ್ತಮೂರು. ಕರಗಿದ ಆಮ್ಲಜನಕ ಮೂರೂವರೆ.
ಗಡಸುತನ?
ಅದನ್ನು ನನಗಿಂತ ಮೊದಲೇ ಕಂಡುಹಿಡಿದವಳು
ಹಾಸ್ಟೆಲ್ಲಿನ ಅಡುಗೆಯ ಹುಸೇನಮ್ಮ.
"ಆರು ಸೀಟಿ ಹೊಡಿಸೀನಿ, ಬೇಳಿ ಹಂಗೇ ಐತಿ.
ನಿಮ್ಮ ಹೊಳಿಗೇನಾಗೈತಿ?"

ಏನೂ ಆಗಿಲ್ಲ. ಊರಿನ ಚರಂಡಿ ಹೋದ ವರ್ಷದಷ್ಟೇ,
ಭತ್ತದ ಗದ್ದೆಯಿಂದ ಬಸಿದ ಗೊಬ್ಬರವೂ ಅಷ್ಟೇ.
ಕೊಳೆ ಅಷ್ಟೇ ಇದೆ; ಹಂಚಿಕೊಳ್ಳಲು
ನೀರು ಅಷ್ಟಿಲ್ಲ.

ಮಳೆ ಬಂದರೆ ಎಲ್ಲ ಸರಿಹೋಗುತ್ತದೆಂದು ನಾನೂ ನಂಬಿದ್ದೆ,
ಕೆಲಸಕ್ಕೆ ಸೇರಿದ ವರ್ಷ.
ಮೊದಲ ಮಳೆ ತರುವುದು ನೀರನ್ನಲ್ಲ,
ದಂಡೆ ಏಳು ತಿಂಗಳು ಬಚ್ಚಿಟ್ಟದ್ದನ್ನು:
ಇಟ್ಟಿಗೆ ಭಟ್ಟಿಯ ಬೂದಿ, ಸಗಣಿ, ಔಷಧಿ ಡಬ್ಬಿಯ ತಳದ ಹನಿ,
ಒಂದು ಚಪ್ಪಲಿ, ಎಡಗಾಲಿನದು. ಯಾವಾಗಲೂ ಎಡಗಾಲಿನದೇ.
ಆ ರಾತ್ರಿ ಪಂಪ್‌ಹೌಸಿನಲ್ಲಿ ಮಾಬೂಸಾಬ್
ಪಟಕದ ಹೆಂಟೆ ಒಡೆಯುತ್ತ ಕೂರುತ್ತಾನೆ,
ಮೊದಲು ದುಪ್ಪಟ್ಟು, ಆಮೇಲೆ ಅದರ ದುಪ್ಪಟ್ಟು.

ಆಗಸ್ಟಿನಲ್ಲಿ ಡ್ಯಾಮಿನ ಗೇಟು ತೆಗೆದರೆ
ನನ್ನ ಆರನೇ ಕಂಬ ಕಾಣುವುದಿಲ್ಲ. ಸೇತುವೆಯೇ ಕಾಣುವುದಿಲ್ಲ.
ಪೊಲೀಸರ ಬ್ಯಾರಿಕೇಡಿನ ಪಕ್ಕ ನಿಂತು
ಹಗ್ಗ ಕಟ್ಟಿದ ಬಕೆಟ್ಟು ಎಸೆಯುತ್ತೇನೆ,
ಕೈಯಿಂದ ಕಸಿದುಕೊಳ್ಳಲು ನೋಡುತ್ತದೆ ಹೊಳೆ.
ಬಾಟಲಿಯ ಹಿಂದೆ ಹಿಡಿದ ಬೆರಳು ಕಾಣದಷ್ಟು ಕೆಮ್ಮಣ್ಣು.
ಆದರೆ ಉಪ್ಪು ಇಳಿದಿರುತ್ತದೆ, ಗಡಸು ಇಳಿದಿರುತ್ತದೆ,
ತಿಳಿಯಾಗಿಸಿದ ನೀರಲ್ಲಿ ಮೂರೇ ಸೀಟಿಗೆ
ಬೇಳೆ ಬೆಣ್ಣೆ.
ಸೌಟು ಎತ್ತಿ ತೋರಿಸುತ್ತಾಳೆ ಹುಸೇನಮ್ಮ,
ನನಗೇ ಸರ್ಟಿಫಿಕೇಟು ಕೊಡುವವಳಂತೆ.

ಈ ವರ್ಷವೂ ಆಗಸ್ಟು ಬಂತು. ಗೇಟು ತೆಗೆಯಲಿಲ್ಲ.
ಹದಿನೇಳು ದಿನ ಮೋಡ ಬಂತು,
ನೆಂಟರ ಮನೆಗೆ ಬೀಗ ಹಾಕಿದ್ದು ಕಂಡವರಂತೆ ವಾಪಸಾಯಿತು.
ಆರನೇ ಕಂಬಕ್ಕೆ ನಡೆದೇ ಹೋದೆ.

ರಿಜಿಸ್ಟರಿನ ಕೊನೆಯ ಕಾಲಂ, ಷರಾ.
ಅಲ್ಲಿ ಎಲ್ಲರೂ ಬರೆಯುವುದು: ಏನೂ ಇಲ್ಲ.
ನಾನು ಬರೆದೆ: ಬೇಳೆ ಬೇಯಲಿಲ್ಲ.
ಸಾಹೇಬರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ
ಪಕ್ಕದಲ್ಲಿ ಕೇಳಿದ್ದಾರೆ, ಯಾವ ಬೇಳೆ?

ತೊಗರಿ, ಎಂದು ಬರೆದು ಸಹಿ ಮಾಡಿದೆ.